ಜೇಬಿಗೆ ಹಿಡಿಸಿದರೆ ಸಾಲದು, ಕೈಗೂ ಹಿಡಿಸಬೇಕು

ಪ್ರಶ್ನೆ: ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ನನಗೆ ಲೈಸೆನ್ಸ್ ಸಿಕ್ಕಿದೆ. ದಿನವೂ ಜೊತೆಗಿರಬೇಕು, ಹೊರಗೆ ಕಾಣಬಾರದು. ಅಂಗಡಿಯವರು ಅಂಗೈಯಷ್ಟೇ ಇರುವ ರೂಗರ್ ಎಲ್‌ಸಿಪಿ ತೋರಿಸಿದರು. ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು ಅಲ್ವಾ? ನನ್ನ ಕೈ ಚಿಕ್ಕದು, ಗುಂಡು ಹಾರಿಸಿ ಅಭ್ಯಾಸವೂ ಕಡಿಮೆ.

ಉತ್ತರ: ಬಚ್ಚಿಡೋಕೆ ಒಳ್ಳೆಯದು, ಹೊಡೆಯೋಕೆ ಅಲ್ಲ. ಅಭ್ಯಾಸ ಕಡಿಮೆ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಮೊದಲ ಪಿಸ್ತೂಲಾಗಿ ಅದನ್ನು ಕೊಳ್ಳಬೇಡಿ.

2008ರಲ್ಲಿ ಬಂದ ಎಲ್‌ಸಿಪಿ ಖಾಲಿ ಇದ್ದಾಗ ಸುಮಾರು 270 ಗ್ರಾಂ ತೂಗುತ್ತದೆ. ಅದರ .380 ಅನ್ನುವ ಬಗೆಯ ಗುಂಡು 9 ಎಂ.ಎಂ. ಬಗೆಯ ಗುಂಡಿಗಿಂತ ಮೆತ್ತಗಿನದು, ನಿಜ. ಆದರೆ ಗುಂಡು ಹಾರಿದಾಗಿನ ಒದೆತವನ್ನು ನುಂಗಬೇಕಾದದ್ದು ಪಿಸ್ತೂಲಿನ ಭಾರ. ಭಾರವೇ ಇಲ್ಲದಿದ್ದರೆ ಒದೆತವೆಲ್ಲ ನಿಮ್ಮ ಅಂಗೈಗೆ. ಪಿಸ್ತೂಲಿನ ಹಿಡಿಯೂ ಗಿಡ್ಡ, ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಗುರಿ ನೋಡಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಕಡಿಮೆ ಇರುವುದು ಇನ್ನೊಂದು ತೊಂದರೆ. ಆ ಅಂತರ 10 ಸೆಂ.ಮೀ. ಅಂದುಕೊಳ್ಳಿ. ಸೈಟು 1 ಮಿ.ಮೀ. ಓರೆಯಾದರೆ 7 ಮೀಟರ್ ಆಚೆ ಗುಂಡು 7 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಅಂತರ 15 ಸೆಂ.ಮೀ. ಇದ್ದರೆ ಅದೇ ತಪ್ಪಿಗೆ 5 ಸೆಂ.ಮೀ.ಗೂ ಕಡಿಮೆ.

ನಾನೂ ಮೊದಲು ಇಂಥದ್ದನ್ನೇ ಕೊಂಡಿದ್ದೆ. ಎರಡು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಖಾಲಿಯಾಗುವಷ್ಟರಲ್ಲಿ ಕೈ ಉರಿದು ಸಾಕಪ್ಪಾ ಅನಿಸುತ್ತಿತ್ತು. ಅಭ್ಯಾಸಕ್ಕೆ ಹೋಗುವುದೇ ಬಿಟ್ಟುಹೋಯಿತು.

ಇನ್ನು ಬಚ್ಚಿಡುವ ವಿಷಯ. ಎಲ್ಲರೂ ನೋಡುವುದು ಬ್ಯಾರೆಲ್ (ನಳಿಕೆ) ಉದ್ದವನ್ನು. ಆದರೆ ಬ್ಯಾರೆಲ್ ಪ್ಯಾಂಟಿನೊಳಗೆ ಇಳಿದುಹೋಗುತ್ತದೆ, ಅಂಗಿಯ ಮೇಲೆ ಉಬ್ಬಿ ಕಾಣುವುದು ಹಿಡಿ. ಅಂಗಡಿಯಲ್ಲಿ ಹಿಡಿಯ ಉದ್ದ ಮತ್ತು ಪಿಸ್ತೂಲಿನ ದಪ್ಪ ನೋಡಿ. ದಪ್ಪ 25 ಮಿ.ಮೀ. ಆಸುಪಾಸು ಇದ್ದರೆ ಸಾಕು.

ನಿಮಗೆ ನಾನು ಹೇಳುವುದು ಒಂದು ಮೆಟ್ಟಿಲು ದೊಡ್ಡದು, ಅರ್ಧ ಕೆ.ಜಿ. ತೂಗುವ 9 ಎಂ.ಎಂ. 2015ರ ಗ್ಲಾಕ್ 43ರ ಮ್ಯಾಗಜಿನ್‌ನಲ್ಲಿ 6 ಗುಂಡು. 2018ರಲ್ಲಿ ಸಿಗ್ ಸಾವರ್ ಪಿ365 ಬಂದಾಗ ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ 10 ಗುಂಡು ಹಿಡಿಯಿತು. ಗುಂಡುಗಳನ್ನು ಒಂದೇ ಸಾಲಿನ ಬದಲು ಅತ್ತಿತ್ತ ಜೋಡಿಸಿದ್ದೇ ಅದರ ಗುಟ್ಟು. ಮರುವರ್ಷ ಬಂದ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್‌ನಲ್ಲಿ 11. ಮೂರನ್ನೂ ಕೈಯಲ್ಲಿ ಹಿಡಿದು ನೋಡಿ. ಯಾವುದರ ಟ್ರಿಗರ್‌ಗೆ ಬೆರಳು ಸಲೀಸಾಗಿ ತಲುಪುತ್ತದೋ ಅದು ನಿಮ್ಮದು.

ಹಾಗೇ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ, ಎಳೆದು ನೋಡಿ. ಚಿಕ್ಕ ಪಿಸ್ತೂಲಿನ ಸ್ಲೈಡ್ ಹಗುರ, ಅದಕ್ಕೇ ಸ್ಪ್ರಿಂಗ್ ಬಿಗಿ. ಹತ್ತು ಸಲ ಎಳೆಯುವಾಗ ಕೈ ಸೋತರೆ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಇಜಡ್ (EZ) ಕೇಳಿ. ಸ್ಲೈಡ್ ಸುಲಭವಾಗಿ ಬರಲಿ ಅಂತಲೇ ಮಾಡಿದ್ದು ಅದು. ಐದು ಗುಂಡಿನ ಚಿಕ್ಕ ರಿವಾಲ್ವರ್ ಬಗ್ಗೆಯೂ ಯಾರಾದರೂ ಹೇಳಬಹುದು. ಅದರ ಟ್ರಿಗರ್ ಎಳೆತ ಭಾರ, ಹೊಸಬರಿಗಲ್ಲ.

ದುಡ್ಡೆಲ್ಲ ಪಿಸ್ತೂಲಿಗೇ ಸುರಿಯಬೇಡಿ. ಹೋಲ್‌ಸ್ಟರ್ (ಪಿಸ್ತೂಲು ಇಡುವ ಚೀಲ) ಗಟ್ಟಿಯಾಗಿರಬೇಕು, ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಪಿಸ್ತೂಲು ತೆಗೆದಾಗ ಅದರ ಬಾಯಿ ಮುಚ್ಚಿಕೊಳ್ಳಬಾರದು. ಮೆತ್ತಗಿನ ಬೆಲ್ಟಿಗೆ ಸಿಕ್ಕಿಸಿದರೆ ಅದು ಜೋತುಬೀಳುತ್ತದೆ. ಜೇಬಿನಲ್ಲಿಡುವುದಾದರೂ ಜೇಬಿನ ಹೋಲ್‌ಸ್ಟರ್ ಬೇಕೇ ಬೇಕು. ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಏನೂ ಇರಕೂಡದು. ಸುಮ್ನೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಂತೂ ಸಿನಿಮಾದವರಿಗೇ ಇರಲಿ.

ಕೊಂಡ ಮೇಲೆ ಕನಿಷ್ಠ 200 ಗುಂಡು ಹಾರಿಸಿ. ಅದರಲ್ಲಿ 50, ನೀವು ದಿನವೂ ತುಂಬಿಕೊಳ್ಳುವ ಗುಂಡೇ ಆಗಿರಲಿ. ಒಂದೂ ಸಿಕ್ಕಿಹಾಕಿಕೊಳ್ಳದಿದ್ದರೆ ಮಾತ್ರ ಹೊರಗೆ ಒಯ್ಯಿರಿ. ಇದು ನಾನು ಇಟ್ಟುಕೊಂಡಿರುವ ಲೆಕ್ಕ.

ಪ್ರಶ್ನೆ: ನನ್ನ ಹತ್ತಿರ ಗ್ಲಾಕ್ 43 ಇದೆ. ಚೇಂಬರಿನಲ್ಲಿ (ಹಾರಲು ಸಿದ್ಧವಾದ ಗುಂಡು ಕೂರುವ ಜಾಗ) ಗುಂಡು ಇಟ್ಟುಕೊಂಡು ಓಡಾಡಲು ಭಯ. ತಾನಾಗಿ ಹಾರಿದರೆ?

ಉತ್ತರ: ಟ್ರಿಗರ್ ಎಳೆಯದೆ ಹಾರದಂತೆ ಅದರೊಳಗೇ ತಡೆಗಳಿವೆ. ಆದರೆ ಟ್ರಿಗರ್ ಎಳೆದದ್ದು ನಿಮ್ಮ ಬೆರಳೋ ಅಂಗಿಯ ಅಂಚೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಭಯ ಇರಬೇಕಾದದ್ದು ಪಿಸ್ತೂಲನ್ನು ಹೋಲ್‌ಸ್ಟರಿಗೆ ವಾಪಸ್ ಇಡುವಾಗ. ಅಂಗಿಯನ್ನು ಪೂರ್ತಿ ಸರಿಸಿ, ಕಣ್ಣಿಂದ ನೋಡಿ, ನಿಧಾನವಾಗಿ ಇಡಿ. ಅಲ್ಲಿ ಅವಸರ ಮಾಡಿದರೆ ಬಹುಮಾನ ಕೊಡುವವರು ಯಾರೂ ಇಲ್ಲ.

ಅಷ್ಟಾದರೂ ಭಯ ಹೋಗದಿದ್ದರೆ ಹೀಗೆ ಮಾಡಿ. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ. ಚೇಂಬರ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಸ್ಲೈಡ್ ಒಮ್ಮೆ ಎಳೆದು ಬಿಡಿ, ಹೋಲ್‌ಸ್ಟರಿಗೆ ಹಾಕಿ, ಮನೆಯೊಳಗೇ ಎರಡು ವಾರ ಧರಿಸಿ. ಕೂರಿ, ಬಗ್ಗಿ, ಮೆಟ್ಟಿಲು ಹತ್ತಿ. ಸಂಜೆ ತೆಗೆದು ನೋಡಿ. ಟ್ರಿಗರ್ ಬೆಳಗ್ಗೆ ಇದ್ದಂತೆ ಮುಂದೇ ಇರಬೇಕು. ಹಿಂದಕ್ಕೆ ಹೋಗಿ ನಿಂತಿದ್ದರೆ ಅದನ್ನು ಏನೋ ಎಳೆದಿದೆ ಅಂತ ಅರ್ಥ. ಆಗ ಮೊದಲು ಹೋಲ್‌ಸ್ಟರ್ ಬದಲಿಸಿ.