ಮನೆ ಸಿಗುತ್ತದೆ, ದೋಣಿಗೆ ಜಾಗ ಎಲ್ಲಿ?

"ಇಷ್ಟು ಕಷ್ಟಪಟ್ಟು ಕಡಲ ಬದಿಯಲ್ಲೇ ಯಾಕೆ ಇರ್ತೀರಿ? ಆ ಮನೆ ಮಾರಿ, ಒಳಗೆ ಎಲ್ಲಾದರೂ ಕಡಿಮೆ ರೇಟಿಗೆ ಒಳ್ಳೆ ಮನೆ ತಗೊಳ್ಳಿ. ವಿಟ್ಲ, ಪುತ್ತೂರು ಕಡೆ ಬಂದರೆ ಕರ್ನಾಟಕಕ್ಕೂ ಬಂದ ಹಾಗಾಗುತ್ತೆ" ಅಂತ ನೀನು ಹೇಳಿದೆ. ಪ್ರೀತಿಯಿಂದಲೇ ಹೇಳಿದ್ದೀಯ, ಗೊತ್ತು. ಆದರೆ ಫೋನಿನಲ್ಲಿ ಎರಡು ಮಾತಲ್ಲಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಆ ಕೊನೆಯ ಮಾತು. ನಾವು ಕರ್ನಾಟಕದಿಂದ ಇಲ್ಲಿಗೆ ವಲಸೆ ಬಂದವರಲ್ಲ ಮಾರಾಯ, ವಾಪಸ್ ಹೋಗುವುದಕ್ಕೆ. 1956ರ ನವೆಂಬರ್ 1ರ ತನಕ ಕಾಸರಗೋಡು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. ನಮ್ಮ ಅಜ್ಜ ಬಲೆ ಒಣಗಿಸುತ್ತಿದ್ದ ಜಾಗದಲ್ಲೇ ಇದ್ದರು, ರಾಜ್ಯ ಬದಲಾಗಿ ಕೇರಳ ಆಯಿತು. 1967ರಲ್ಲಿ, ರಾಜ್ಯಗಳ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದು ಕಾಗದದಲ್ಲೇ ಉಳಿಯಿತು. ನಾವಂತೂ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಗೆ ಹೋದರೆ ಮಲಯಾಳ ಅಂತ ಬೆಳೆದೆವು. ಉಪ್ಪಳದ ಪೇಟೆಯಲ್ಲಿ ನಿಂತರೆ ಒಂದೇ ಅಂಗಡಿಯ ಮುಂದೆ ನಾಲ್ಕು ಭಾಷೆ ಕೇಳುತ್ತದೆ. ನಮ್ಮ ಮಕ್ಕಳ ಕನ್ನಡ ಉಳಿಯುವುದು ಇಲ್ಲಿನ ಕನ್ನಡ ಶಾಲೆ ಉಳಿದರೆ. ನಾವು ಖಾಲಿ ಮಾಡಿ ಬಂದರೆ ಆ ಶಾಲೆಗೆ ಇನ್ನೊಂದು ಮಗು ಕಡಿಮೆ, ಅಷ್ಟೇ.

ಇನ್ನು ಮನೆಯ ಲೆಕ್ಕ. ಕಡಲ ಬದಿಯ ಜಾಗ ಅಂದರೆ ಬಹಳ ಬೆಲೆ ಅಂತ ನೀನು ಅಂದುಕೊಂಡಿದ್ದೀಯ, ರೆಸಾರ್ಟು ನೋಡಿದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಬೆಲೆ ಇರುವುದು ಹೆದ್ದಾರಿಯ ಬದಿಗೆ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಕೆಲಸ ಶುರುವಾದ ಮೇಲೆ ಅಲ್ಲಿ ಸೆಂಟ್ಸ್ ಲೆಕ್ಕದಲ್ಲಿ ಕೇಳಲೂ ಹೆದರಿಕೆ. ರೈಲು ಹಳಿ ದಾಟಿ ಪಡುವಣಕ್ಕೆ ಬಂದಂತೆ ಬೆಲೆ ಇಳಿಯುತ್ತದೆ. ಕಲ್ಲು ಹಾಕಿದ ದಂಡೆಯ ಹತ್ತಿರ ಬಂದರೆ ಕೇಳುವವರೇ ಇಲ್ಲ. ಮುಸೋಡಿಯಲ್ಲಿ ಕಡಲ್ಕೊರೆತ ನೋಡಿದವರು ಯಾರು ದುಡ್ಡು ಕೊಟ್ಟು ತಗೊಳ್ಳುತ್ತಾರೆ ಹೇಳು? ಹಾಗಾಗಿ "ಮಾರಿ" ಅನ್ನುವ ನಿನ್ನ ಮೊದಲ ಮಾತೇ ಇಲ್ಲಿ ನಡೆಯುವುದಿಲ್ಲ.

ಖರ್ಚು ಜಾಸ್ತಿ ಅನ್ನುವುದು ಮಾತ್ರ ನಿಜ. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಕಿಟಕಿಯ ಸರಳು, ಗೇಟಿನ ತಿರುಗಣಿ, ಸ್ಲಾಬಿನೊಳಗಿನ ರಾಡು, ಎಲ್ಲಕ್ಕೂ ತುಕ್ಕು. ಸ್ಲಾಬಿನ ಕೆಳಗಿನ ಸಿಮೆಂಟು ಹಪ್ಪಳದ ಹಾಗೆ ಏಳುತ್ತದೆ. ಗ್ಯಾಸ್ ಒಲೆ, ಫ್ಯಾನು, ಫ್ರಿಜ್ಜು ನಿಮ್ಮಲ್ಲಿ ಬಾಳುವ ಅರ್ಧ ಕಾಲವೂ ಬಾಳುವುದಿಲ್ಲ. ಏಪ್ರಿಲ್ ಬಂತೆಂದರೆ ಬಾವಿಯ ನೀರು ಉಪ್ಪಾಗುತ್ತದೆ, ಕುಡಿಯಲು ಆಗುವುದಿಲ್ಲ. ಇದೆಲ್ಲ ನಮಗೆ ಅಭ್ಯಾಸ. ಇದಕ್ಕಾಗಿ ಯಾರೂ ಊರು ಬಿಡುವುದಿಲ್ಲ.

ಒಳಗಿನ ಊರುಗಳು ಚೆನ್ನಾಗಿಲ್ಲ ಅಂತಲೂ ನಾನು ಹೇಳುವುದಿಲ್ಲ. ನನ್ನ ಚಿಕ್ಕಮ್ಮನ ಮನೆ ಪೈವಳಿಕೆಯ ಆಚೆ. ಕೆಂಪುಕಲ್ಲಿನ ಗೋಡೆ, ಅಂಗಳದಲ್ಲಿ ಅಡಿಕೆ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಪೈಪಿನಲ್ಲಿ ಬರುವ ತಣ್ಣನೆ ನೀರು. ಮೋಟಾರು ಬೇಡ, ಕರೆಂಟು ಬೇಡ. ಅಮ್ಮ ಅಲ್ಲಿಗೆ ಹೋದರೆ ಆ ನೀರನ್ನು ಕುಡಿದು ಕುಡಿದು ಸಂತೋಷಪಡುತ್ತಾರೆ. ಎರಡು ರಾತ್ರಿ ಕಳೆಯುವಷ್ಟರಲ್ಲಿ ಕಡಲ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಅಂತ ಹೊರಡುತ್ತಾರೆ.

ಅಮ್ಮನ ನಿದ್ದೆಯ ಮಾತು ಹೇಗೂ ಇರಲಿ, ನಮ್ಮ ನಿಜವಾದ ತೊಡಕು ದೋಣಿ.

ನಮ್ಮದು ಫೈಬರ್ ದೋಣಿ, 9.9 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ಅಣ್ಣ, ಮಾವ, ಪಕ್ಕದ ಮನೆಯ ಇಬ್ಬರು ಸೇರಿ ಹೋಗುತ್ತಾರೆ. ನಾನು ಮಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವವನು, ರಜೆಯಲ್ಲಿ ಬಲೆ ಸರಿಮಾಡಲು ಕೂರುತ್ತೇನೆ. ಬಂದರಿನಲ್ಲಿ ಸಾಲಾಗಿ ನಿಲ್ಲುವ ದೊಡ್ಡ ಬೋಟುಗಳನ್ನು ನೀನು ನೋಡಿರಬಹುದು. ಅವಕ್ಕೆ ನಿಲ್ಲಲು ದಕ್ಕೆ ಇದೆ, ಕಾವಲಿಗೆ ಜನ ಇದ್ದಾರೆ. ನಮ್ಮಂಥ ನಾಡದೋಣಿ ಇರುವುದು ಮನೆ ಮುಂದಿನ ಹೊಯಿಗೆಯ ಮೇಲೆ. ಅದನ್ನು ಅಲ್ಲಿ ಕಟ್ಟಿಹಾಕಿ ಹೋಗುವುದಲ್ಲ, ಅದರ ಜೊತೆ ಇರಬೇಕು.

ಸಂಜೆಯ ಕೆಲಸ ಒಂದನ್ನೇ ಹೇಳುತ್ತೇನೆ ಕೇಳು. ದೋಣಿ ದಡಕ್ಕೆ ಬಂದ ಮೇಲೆ ಕೆಳಗೆ ಮರದ ದಿಮ್ಮಿ ಹಾಕಿ ಎಲ್ಲರೂ ಸೇರಿ ಮೇಲೆ ಎಳೆಯಬೇಕು. ಎಂಜಿನ್ ಬಿಚ್ಚಬೇಕು. ಅದು ಒಂದು ಅಕ್ಕಿ ಮುಡಿಯಷ್ಟು ಭಾರ. ಇಬ್ಬರು ಹೆಗಲಿಗೆ ಬಿದಿರು ಕೊಟ್ಟು ಮನೆಯ ಜಗಲಿಗೆ ತರುತ್ತಾರೆ. ಅಲ್ಲಿ ಅದನ್ನು ಸ್ಟ್ಯಾಂಡಿಗೆ ತಗುಲಿಸಿ, ಕಾಲನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇಳಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಒಳಗಿನ ಉಪ್ಪು ತೊಳೆದು ಹೋಗದಿದ್ದರೆ ನೀರು ಓಡುವ ದಾರಿ ಕಟ್ಟುತ್ತದೆ, ಎಂಜಿನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನಮಗೆ ಕುಡಿಯಲು ಸಿಗುವ ಸಿಹಿನೀರಿನಲ್ಲಿ ಎಂಜಿನ್‌ಗೂ ಪಾಲಿದೆ. ಅತ್ತಿಗೆ ಆ ನೀರನ್ನು ಬೇರೆ ಡ್ರಮ್ಮಿನಲ್ಲಿ ತೆಗೆದಿಡುತ್ತಾರೆ. ಆಮೇಲೆ ಪ್ಲಗ್ಗು ಬಿಚ್ಚಿ ಒರೆಸಿ, ಗ್ರೀಸು ಹಚ್ಚಿ, ಗೋಣಿ ಹೊದಿಸಿದರೆ ಆ ದಿನದ ಕೆಲಸ ಮುಗಿಯಿತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವ ಎಂಜಿನ್ ಇದು. ಹಾಗಾಗಿ ಎರಡೂ ಎಣ್ಣೆ ಮನೆಯಲ್ಲೇ ಇರಬೇಕು. ಪರ್ಮಿಟ್ಟಿನಲ್ಲಿ ಸಿಗುವ ಸೀಮೆಎಣ್ಣೆ ಸಾಲದು, ಉಳಿದದ್ದು ಹೊರಗಿನ ರೇಟಿಗೆ.

ಈಗ ನೀನು ಹೇಳಿದ ಹಾಗೆ ಮನೆ ಒಳಗೆ ಹೋಯಿತು ಅಂತಿಟ್ಟುಕೋ. ಎಂಜಿನ್ ಎಲ್ಲಿ ಇಡುವುದು? ದಿನಾ ರಿಕ್ಷಾದಲ್ಲಿ ಹೊತ್ತು ಗುಡ್ಡ ಹತ್ತಬೇಕೇ? ಬಲೆ ಹರಡುವುದು ಎಲ್ಲಿ? ಒಂದೊಂದು ಬಲೆ ನೂರಾರು ಮೀಟರ್ ಉದ್ದ. ಬೆಳಗ್ಗೆ ನಾಲ್ಕಕ್ಕೆ ಹೊರಡಬೇಕು, ಆ ಹೊತ್ತಿಗೆ ಪೈವಳಿಕೆಯಿಂದ ಯಾವ ಬಸ್ಸಿದೆ? ಜೂನ್‌ನಲ್ಲಿ ರಾತ್ರಿ ಗಾಳಿ ತಿರುಗಿದರೆ ಅಣ್ಣ ನಿದ್ದೆಯಲ್ಲೇ ಎದ್ದು ಕೂರುತ್ತಾನೆ. ಅಲೆ ಬಡಿಯುವ ಸದ್ದು ದಪ್ಪವಾಯಿತು ಅಂತ ಅವನಿಗೆ ಮೊದಲು ತಿಳಿಯುತ್ತದೆ. ಕೇರಿಯಲ್ಲಿ ಒಂದು ಟಾರ್ಚು ಹೊತ್ತಿತು ಅಂದರೆ ಹತ್ತು ಮನೆಯ ಬಾಗಿಲು ತೆರೆಯುತ್ತದೆ. ಗಂಡಸರು ಹೆಂಗಸರು ಎಲ್ಲ ಸೇರಿ ಒಂದೊಂದೇ ದೋಣಿಯನ್ನು ತೆಂಗಿನ ಬುಡದ ತನಕ ಎಳೆಯುತ್ತೇವೆ. ಯಾರ ದೋಣಿ ಅಂತ ಯಾರೂ ಕೇಳುವುದಿಲ್ಲ. ಈ ಹತ್ತು ಮನೆ ಹತ್ತು ಕಡೆ ಚದುರಿಹೋದರೆ ಆ ರಾತ್ರಿ ದೋಣಿಯನ್ನು ಎಳೆಯುವವರು ಯಾರು? ಕಡಲು ಕೊಂಡುಹೋದ ದೋಣಿಯ ಬೆಲೆಯನ್ನು ಒಳಗಿನ ಮನೆಯ ಲೆಕ್ಕಕ್ಕೆ ಸೇರಿಸಬೇಕಲ್ವಾ?

ಸರಕಾರಕ್ಕೂ ಇದು ಕಾಣುವುದಿಲ್ಲ ಅನ್ನುವುದೇ ನನ್ನ ಸಂಕಟ. ಕೇರಳ ಸರಕಾರದ್ದು ಪುನರ್ಗೇಹಂ ಅಂತ ಯೋಜನೆ ಇದೆ. ಉಬ್ಬರದ ಗೆರೆಯಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಕ್ಕೆ ಬೇರೆ ಕಡೆ ಹೋಗಲು 10 ಲಕ್ಷ ರೂಪಾಯಿ. ಅದರಲ್ಲಿ ಜಾಗಕ್ಕೆ 6 ಲಕ್ಷದ ತನಕ, ಮನೆ ಕಟ್ಟಲು 4 ಲಕ್ಷ. ಉದ್ದೇಶ ಒಳ್ಳೆಯದು. ಪ್ರತಿ ಮಳೆಗಾಲದಲ್ಲಿ ಮಕ್ಕಳನ್ನು ಎತ್ತಿಕೊಂಡು ಶಾಲೆಯ ಕೋಣೆಗೆ ಓಡುವವರ ಜೀವ ಉಳಿಯುತ್ತದೆ. ಹೋದವರನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ಆದರೆ ಆ ದುಡ್ಡಿಗೆ ಸಿಗುವುದು ಮೂರು ಸೆಂಟ್ಸ್. ನಿಮ್ಮ ಬೆಂಗಳೂರಿನ 30-40 ಸೈಟಿಗಿಂತ ಚೂರು ದೊಡ್ಡದು. ಮನೆ ನಿಂತರೆ ಮುಗಿಯಿತು, ಒಂದು ಬಲೆ ಒಣಗಿಸಲೂ ಅಂಗಳ ಉಳಿಯುವುದಿಲ್ಲ. ಬಿಟ್ಟುಹೋದ ಕಡಲ ಬದಿಯ ಜಾಗ ಸರಕಾರಕ್ಕೆ ಸೇರುತ್ತದೆ, ಅಲ್ಲಿ ಮರ ನೆಡುತ್ತಾರೆ. ಮರ ಬೇಕು, ನಾನೂ ಒಪ್ಪುತ್ತೇನೆ. ಆದರೆ ದೋಣಿ, ಎಂಜಿನ್, ಬಲೆ ಇಡುವ ನಾಲ್ಕು ಗಜ ಜಾಗ?

ಸರಿ, ಇಲ್ಲೇ ಇದ್ದು ಮನೆಯನ್ನಾದರೂ ಗಟ್ಟಿ ಮಾಡೋಣ ಅಂದರೆ ಕರಾವಳಿ ನಿಯಂತ್ರಣ ವಲಯದ ಕಾನೂನು. ಹಳ್ಳಿ ಕಡಲ ಬದಿಯಲ್ಲಿ ಮೊದಲು 200 ಮೀಟರ್ ತನಕ ಸಾಮಾನ್ಯವಾಗಿ ಹೊಸದು ಕಟ್ಟುವ ಹಾಗಿರಲಿಲ್ಲ. 2019ರ ಅಧಿಸೂಚನೆ ಜನ ಒತ್ತಾಗಿರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿತು. ನಮ್ಮ ಮನೆ ಆ 50ರ ಒಳಗೇ ಇದೆ. ಅಂದರೆ ಇದ್ದದ್ದನ್ನು ಇದ್ದಷ್ಟೇ ಅಳತೆಯಲ್ಲಿ ರಿಪೇರಿ ಮಾಡಬಹುದು, ಒಂದು ಕೋಣೆ ಜಾಸ್ತಿ ಮಾಡುವ ಹಾಗಿಲ್ಲ. ಅಣ್ಣನ ಮದುವೆಯ ಸಮಯದಲ್ಲಿ ಜಗಲಿಗೆ ಗೋಡೆ ಕಟ್ಟಿ ಕೋಣೆ ಮಾಡೋಣ ಅಂತ ಅರ್ಜಿ ಹಾಕಿದೆವು. ಒಂದು ಕಚೇರಿ ಇನ್ನೊಂದು ಕಚೇರಿಗೆ ಕಳಿಸಿತು, ಅದು ಮತ್ತೊಂದಕ್ಕೆ. ಬಂದ ಉತ್ತರ ಪೂರ್ತಿ ಮಲಯಾಳದಲ್ಲಿ. ನಾನು ಓದಿ ಹೇಳಬಲ್ಲೆ. ಅಮ್ಮನಿಗೆ ಓದಲು ಬರುವುದಿಲ್ಲ, ಮನೆ ಇರುವುದು ಅಮ್ಮನ ಹೆಸರಲ್ಲಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಅಂತ ಕೇರಳದ 1969ರ ಭಾಷಾ ಕಾನೂನೇ ಹೇಳುತ್ತದೆ. ಅದನ್ನು ಹೇಳಿ ಕನ್ನಡದಲ್ಲಿ ಉತ್ತರ ಕೊಡಿ ಅಂತ ಕೇಳಿದೆ. "ಕನ್ನಡ ಬಲ್ಲವರು ಈಗ ಇಲ್ಲ, ಆಮೇಲೆ ನೋಡೋಣ" ಅಂದರು. ಯಾವುದೋ ಭಾಷೆಯ ಮೇಲಿನ ದ್ವೇಷದಿಂದ ನಾನು ಇದನ್ನು ಹೇಳುತ್ತಿಲ್ಲ. ಮಲಯಾಳ ನನ್ನ ನಾಲಿಗೆಯ ಮೇಲೂ ಇದೆ, ನನ್ನ ಒಳ್ಳೆಯ ಗೆಳೆಯರ ಮಾತು ಅದು. ಆದರೆ ತಾನು ಹುಟ್ಟಿದ ಮನೆಯ ಬಗ್ಗೆ ಬಂದ ಕಾಗದವನ್ನು ಎಪ್ಪತ್ತರ ಹೆಂಗಸು ಮಗನ ಮುಖ ನೋಡಿ ತಿಳಿದುಕೊಳ್ಳಬೇಕಾದರೆ ನನಗೆ ಸಿಟ್ಟು ಬರುತ್ತದೆ.

ಗಡಿ ದಾಟಿ ಉಳ್ಳಾಲ ಕಡೆಗೇ ಬಂದು ಮೀನು ಹಿಡಿಯಿರಿ ಅನ್ನುತ್ತೀಯೇನೋ. ದೋಣಿಯ ಮೂತಿಯ ಮೇಲೆ ಕೇರಳದ ನೋಂದಣಿ ನಂಬರು ಬರೆದಿದೆ. ಲೈಸೆನ್ಸು, ಸೀಮೆಎಣ್ಣೆ ಪರ್ಮಿಟ್ಟು, ಕ್ಷೇಮನಿಧಿ, ಎಲ್ಲ ಈ ರಾಜ್ಯದ್ದು. ಮೀನುಗಾರಿಕೆಗೆ ಕೇರಳದ್ದು 1980ರ ಕಾನೂನು, ಕರ್ನಾಟಕದ್ದು 1986ರದ್ದು. ಮಳೆಗಾಲದ ನಿಷೇಧವೂ ಒಂದೇ ದಿನ ಶುರುವಾಗುವುದಿಲ್ಲ. ಅಲ್ಲಿ ಜೂನ್ 1ಕ್ಕೆ, ಇಲ್ಲಿ ಟ್ರಾಲರುಗಳಿಗೆ ಜೂನ್ 9ರ ಮಧ್ಯರಾತ್ರಿಗೆ. ಎರಡೂ ಮುಗಿಯುವುದು ಜುಲೈ 31ಕ್ಕೆ. ಬಂಗುಡೆಯ ಹಿಂಡು ಈ ಗೆರೆ ನೋಡಿ ಈಜುವುದಿಲ್ಲ. ಅದನ್ನು ಹಿಂಬಾಲಿಸಿ ಹೋಗುವ ಅಣ್ಣ ಮಾತ್ರ ದಡದ ತೆಂಗು, ಮಸೀದಿಯ ಮಿನಾರು, ಗುಡ್ಡ ನೋಡಿ ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತಿರಬೇಕು. ಹಿಡಿದ ಮೀನು ಮಾರಲು ಮಂಗಳೂರೇ ಹತ್ತಿರ, ಆಸ್ಪತ್ರೆಗೂ ಮಂಗಳೂರೇ. 2020ರ ಮಾರ್ಚ್‌ನಲ್ಲಿ, ಕೊರೋನಾ ಸಮಯದಲ್ಲಿ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಮಗೆ ಎಷ್ಟು ನೋವಾಯಿತು ಅಂತ ಆಚೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ನಮ್ಮವರೇ ಅಂತ ನಂಬಿದ ಕಡೆಯಿಂದ ಮಣ್ಣು ಬಿತ್ತು.

ಇಷ್ಟೆಲ್ಲ ಹೇಳಿದೆ ಅಂತ ನಾವು ಕಡಲ ಬದಿ ಬಿಡುವುದೇ ಇಲ್ಲ ಅಂತ ಹಠ ಹಿಡಿದಿದ್ದೇವೆ ಅಂದುಕೊಳ್ಳಬೇಡ. ಅಣ್ಣನ ಮಗಳಿಗೆ ಈಗ ಮೂರು ವರ್ಷ. ಅಲೆ ಗೋಡೆಗೆ ಬಡಿದಾಗ ಅವಳು ಬೆಚ್ಚಿ ಏಳುತ್ತಾಳೆ. ಅದನ್ನು ನೋಡಿಕೊಂಡು ಸುಮ್ನೆ ಇರಲು ಆಗುವುದಿಲ್ಲ. ನಾವು ಕೇರಿಯವರೆಲ್ಲ ಸೇರಿ ಈಗ ಕೇಳುತ್ತಿರುವುದು ಇಷ್ಟೇ. ಕೊಡುವ ಜಾಗ ರೈಲು ಹಳಿಯ ಪಡುವಣ ಬದಿಯಲ್ಲೇ ಇರಲಿ, ದಡಕ್ಕೆ ನಡೆದು ಬರುವಷ್ಟು ದೂರದಲ್ಲಿ. ಹತ್ತೂ ಮನೆಗೆ ಒಟ್ಟಿಗೆ ಕೊಡಲಿ. ಬಿಟ್ಟುಕೊಡುವ ಜಾಗದಲ್ಲಿ ಮರ ನೆಡಲಿ, ನಡುವೆ ದೋಣಿ ಎಳೆಯಲು ಒಂದು ದಾರಿ, ಎಂಜಿನ್ ಮತ್ತು ಬಲೆ ಇಡಲು ಬೀಗ ಹಾಕುವ ಒಂದು ಶೆಡ್ಡು, ಒಂದು ಸಿಹಿನೀರಿನ ನಲ್ಲಿ. ಆ ಹಕ್ಕು ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ, ಕನ್ನಡದಲ್ಲೂ ಬರೆದು ಕೊಡಲಿ. ಅರ್ಜಿಗೆ ಕೇರಿಯ ಎಲ್ಲ ಮನೆಯವರೂ ಹೆಸರು ಹಾಕಿದ್ದಾರೆ, ಮುಂದಿನ ಗ್ರಾಮಸಭೆಯಲ್ಲಿ ಇಡುತ್ತೇವೆ. ಅಷ್ಟು ಸಿಕ್ಕಿದರೆ ತಾನೇ ಮೊದಲು ಸಹಿ ಹಾಕುತ್ತೇನೆ ಅಂತ ಅಮ್ಮ ಹೇಳಿದ್ದಾರೆ.