ಪ್ರ: ಖರಗ್‌ಪುರ ಐಐಟಿ ಹಾಲ್‌ನಲ್ಲಿ (ಹಾಸ್ಟೆಲ್‌ನಲ್ಲಿ) ದೀಪಾವಳಿಗೆ ಏನಿರುತ್ತೆ?

ನಿಮ್ಮ ತಮ್ಮ ಹಬ್ಬಕ್ಕೆ ಮನೆಗೆ ಬರಲ್ಲ ಅಂತಿದಾನೆ, ಹಾಲ್‌ನಲ್ಲಿ ಅಂಥದ್ದೇನಿದೆ ಅಂತ ಕೇಳಿದ್ರಲ್ಲ, ಅದೇ ಇಲ್ಲು ಸರ್, ಇಲ್ಯುಮಿನೇಶನ್. ಬಿದಿರು ಕಟ್ಟಿ ಎತ್ತರದ ಚಟಾಯಿ, ಅಂದ್ರೆ ಚೌಕಟ್ಟು ಮಾಡಿ, ಅದರ ಮೇಲೆ ಸಾವಿರಾರು ಎಣ್ಣೆದೀಪ ಕೂರಿಸಿ, ಕರೆಂಟ್ ಲೈಟೆಲ್ಲ ಆರಿಸಿ ಹಚ್ಚಿದ್ರೆ ಕತ್ತಲಲ್ಲಿ ದೊಡ್ಡ ಚಿತ್ರನೇ ಎದ್ದು ನಿಲ್ಲುತ್ತೆ, ಜೊತೆಗೆ ರಂಗೋಲಿ, ಹಾಲ್ ಹಾಲ್ ನಡುವೆ ಕಾಂಪಿಟಿಷನ್ ಬೇರೆ. ಜೂನಿಯರ್ ಸೀನಿಯರ್ ಎಲ್ಲ ಸೇರಿ ವಾರಗಟ್ಟಲೆ ದುಡೀತಾರೆ, ದಯವಿಟ್ಟು ಅವನನ್ನ ಅಲ್ಲೇ ಇರೋಕೆ ಬಿಡಿ.

ಈ ಜಾಗದ ಹಿಸ್ಟರಿ ಅಂದ್ರೆ, 1951ರಲ್ಲಿ ಸಂಸ್ಥೆ ಶುರುವಾಗಿದ್ದೇ ಹಿಜ್ಲಿ ಜೈಲಿನ ಕಟ್ಟಡದಲ್ಲಿ. ಅಲ್ಲೇ 1931ರ ಸೆಪ್ಟೆಂಬರ್‌ನಲ್ಲಿ ನಿರಾಯುಧ ಸ್ವಾತಂತ್ರ್ಯ ಹೋರಾಟಗಾರ ಕೈದಿಗಳ ಮೇಲೆ ಬ್ರಿಟಿಷರ ಪೊಲೀಸರು ಗುಂಡು ಹಾರಿಸಿ ಸಂತೋಷ್ ಕುಮಾರ್ ಮಿತ್ರ, ತಾರಕೇಶ್ವರ ಸೇನ್‌ಗುಪ್ತ ಸತ್ತುಹೋದ್ರು. ಪಟೇಲ್, ನೆಹರು, ಆಜಾದ್, ಲಾಲಾ ಲಜಪತ್ ರಾಯ್ ಅಂತ ಹಾಲ್‌ಗಳಿಗೆ ಹೆಸರಿಟ್ಟಿರೋದು ಆ ನೆಲಕ್ಕೆ ತುಂಬಾ ಒಪ್ಪುತ್ತೆ.