ಗನ್ಸ್ ಎನ್ ರೋಸಸ್ ಹೊಸ ಆಲ್ಬಂಗೆ ಇನ್ನೂ ಎಷ್ಟು ವರ್ಷ ಕಾಯೋದು? ಲೀಕ್ ಆಗಿರೋ ಹಾಡುಗಳನ್ನು ಕೇಳಿಬಿಡಲಾ?

ಈ ಅಮೆರಿಕನ್ ರಾಕ್ ತಂಡಕ್ಕೆ 2016ರಲ್ಲಿ ಗಿಟಾರ್‌ನ ಸ್ಲ್ಯಾಶ್, ಬೇಸ್‌ನ ಡಫ್ ವಾಪಸ್ ಬಂದಾಗಿನಿಂದ ಕಾಯ್ತಿದ್ದೀರಿ. 2025ರ ಮೇ 17ಕ್ಕೆ ಪುಣೆಯಿಂದ ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸ್‌ಗೆ ಬಂದು ನೋಡಿಯೂ ಆಯ್ತು. ಆಲ್ಬಂ ಮಾತ್ರ ಇಲ್ಲ. 2019ರ ಲೀಕ್ ಫೋಲ್ಡರನ್ನು ಗೆಳೆಯರು ಕಳಿಸಿದ್ದಾರೆ, ತೆರೆಯಲಾ ಅಂತ ನಿಮ್ಮ ಪ್ರಶ್ನೆ.

ತೆರೆಯಬೇಡಿ. ನಾನು ತೆರೆದವನು.

2006ರ ಫೆಬ್ರವರಿ–ಮಾರ್ಚ್. ನಮ್ಮದು ಮುಂಬೈಯ ಮುಲುಂಡ್, ಮನೆಯಲ್ಲಿ ಎಂಟಿಎನ್‌ಎಲ್ ಟ್ರೈಬ್ಯಾಂಡ್ ಇಂಟರ್ನೆಟ್, 256 ಕೆಬಿಪಿಎಸ್. 'ಚೈನೀಸ್ ಡೆಮಾಕ್ರಸಿ' ಆಲ್ಬಂನ ನಾಲ್ಕು ಡೆಮೊ, ಅಂದರೆ ಕರಡು ಮುದ್ರಣ, ಹೊರಬಿದ್ದವು: 'ಬೆಟರ್', 'ಕ್ಯಾಚರ್ ಇನ್ ದ ರೈ', 'ಐ.ಆರ್.ಎಸ್.', 'ದೇರ್ ವಾಸ್ ಎ ಟೈಮ್'. ಸ್ವಂತ ಹಾಡುಗಳ ಹಿಂದಿನ ಆಲ್ಬಂಗಳು ಬಂದದ್ದು 1991ರಲ್ಲಿ, 1993ರದ್ದು ಬೇರೆಯವರ ಹಾಡುಗಳ ಆಲ್ಬಂ. ಹದಿನೈದು ವರ್ಷ ಹಸಿದವನಿಗೆ 128 ಕೆಬಿಪಿಎಸ್ ಎಂಪಿ3 ಕೂಡ ಹಬ್ಬದೂಟವೇ. ಆರು ನಿಮಿಷ ಚಿಲ್ಲರೆಯ ಹಾಡು ಮೂರೂವರೆ ನಿಮಿಷದೊಳಗೆ ಇಳಿಯಿತು. ಮುಲುಂಡ್‌ನಿಂದ ಸಿಎಸ್‌ಟಿಗೆ ಸ್ಲೋ ಲೋಕಲ್‌ನಲ್ಲಿ ದಿನಾ ಹೋಗ್ತಾ ಬರ್ತಾ ಅವೇ ನಾಲ್ಕು ಹಾಡು. ಗಾಡಿಯ ಸದ್ದಿಗೆ ಸಾಲದು ಅಂತ ಎಂಪಿ3ಗೇನ್ ಅನ್ನೋ ಪ್ರೋಗ್ರಾಮಿನಲ್ಲಿ ಹಾಕಿ ಜೋರು ಮಾಡಿಕೊಂಡೆ. ಅದರಲ್ಲಿ ಮೊದಲಿನಿಂದ ಇರೋ ಗುರಿ 89 ಡಿಬಿ, ನಾನು 100 ಕೊಟ್ಟೆ. ಕ್ಲಿಪ್ಪಿಂಗ್ ಕಾಲಮ್ಮಿನಲ್ಲಿ ಕೆಂಪು ಬಂತು. ನೋಡಿದೆ, ಅದರ ಅರ್ಥ ಏನು ಅಂತ ಯೋಚಿಸಲಿಲ್ಲ. 2008ರ ಜೂನ್‌ನಲ್ಲಿ ಇನ್ನೂ ಒಂಬತ್ತು ಹಾಡು ಒಟ್ಟಿಗೆ ಹೊರಬಂದವು. ಹಾಕಿದವನನ್ನು ಎಫ್‌ಬಿಐ ಹಿಡಿಯಿತು. ಆ ಒಂಬತ್ತಕ್ಕೂ ನಾನು 100ನ್ನೇ ಕೊಟ್ಟೆ.

ಆಲ್ಬಂ ಬಿಡುಗಡೆಯಾದದ್ದು 2008ರ ನವೆಂಬರ್ 23ಕ್ಕೆ. ಮೂರು ದಿನಕ್ಕೆ ಮುಂಬೈಯ ಮೇಲೆ ದಾಳಿ. ಫೋರ್ಟ್ ಕಡೆ ಕಾಲಿಡೋ ಮನಸ್ಸು ಯಾರಿಗೂ ಇರಲಿಲ್ಲ. ಕಾಳಾ ಘೋಡಾದ ರಿದಮ್ ಹೌಸ್‌ಗೆ ಹೋಗಿ ಸಿಡಿ ತಂದಾಗ ಡಿಸೆಂಬರ್ ಅರ್ಧ ಕಳೆದಿತ್ತು. ಅದೇ ರಾತ್ರಿ ಕಂಪ್ಯೂಟರ್‌ಗೆ ಹಾಕಿದೆ. ಒಂದು ಹಾಡು ಸಿಡಿಯಿಂದ, ಅದೇ ಹಾಡು ವಿನ್‌ಆ್ಯಂಪ್‌ನಲ್ಲಿದ್ದ ನನ್ನ ಎಂಪಿ3ಯಿಂದ. ಸಿಡಿ ಸಪ್ಪೆ. ಡ್ರಮ್ಸ್ ದೂರ, ಬೇಸ್ ತೆಳು, ಗಿಟಾರ್‌ಗೆ ಹರಿತವಿಲ್ಲ. ಡೆಮೊದಲ್ಲಿ ಇದ್ದ ಜೀವವನ್ನು ಇವರೇ ಕೊಂದರು ಅಂತ ತೀರ್ಮಾನಿಸಿ ಸಿಡಿಯನ್ನು ಯಾರಿಗೋ ಕೊಟ್ಟುಬಿಟ್ಟೆ.

ನನ್ನ ತಪ್ಪು ಇಲ್ಲೇ ಇರೋದು. ನಿಮಗೆ ಇದೊಂದು ಗೊತ್ತಾದರೆ ಸಾಕು, ಅದಕ್ಕೇ ಬಿಡಿಸಿ ಹೇಳ್ತೀನಿ. ಎರಡು ಧ್ವನಿಮುದ್ರಣಗಳನ್ನು ಹೋಲಿಸುವಾಗ ಜೋರಾಗಿರೋದೇ ಕಿವಿಗೆ ಚೆನ್ನಾಗಿ ಕೇಳುತ್ತೆ. ಒಂದು ಡೆಸಿಬಲ್ ವ್ಯತ್ಯಾಸವನ್ನು ಕಿವಿ 'ಇದು ಜೋರು' ಅಂತ ಗುರುತಿಸೋದಿಲ್ಲ, 'ಇದು ಸ್ಪಷ್ಟ, ಇದಕ್ಕೆ ಕಸುವಿದೆ' ಅಂತ ಗುರುತಿಸುತ್ತೆ. ಎಷ್ಟೋ ವರ್ಷದ ಮೇಲೆ ಆ ಸಿಡಿಯ ಹಾಡುಗಳನ್ನು ಅದೇ ಎಂಪಿ3ಗೇನ್‌ನಲ್ಲಿ ಅಳೆದಾಗ 96ರ ಆಸುಪಾಸು ಬಂತು. ಅಂದರೆ ನನ್ನ ಲೀಕ್ ಫೈಲುಗಳು ಹತ್ತಿರಹತ್ತಿರ 4 ಡಿಬಿ ಜೋರು. ಸದ್ದು ಇಳಿದಷ್ಟೂ ಕಿವಿಗೆ ಮೊದಲು ಕಾಣೆಯಾಗೋದು ಕೆಳಗಿನ ಬೇಸ್, ಆಮೇಲೆ ತುದಿಯ ಸಿಂಬಲ್ ಹೊಳಪು. ಇದು 1933ರಿಂದಲೇ ಅಳೆದು ಗೊತ್ತಿರೋ ವಿಷಯ. ಹಾಗಾಗಿ 'ಬೇಸ್ ತೆಳು' ಅನ್ನೋ ನನ್ನ ದೂರು ಆಲ್ಬಂನ ದೋಷ ಅಲ್ಲವೇ ಅಲ್ಲ, ವಾಲ್ಯೂಮಿನ ದೋಷ. ಜೊತೆಗೆ 100ಕ್ಕೆ ಏರಿಸಿದ್ದರಿಂದ ಡ್ರಮ್ ಪೆಟ್ಟಿನ ತಲೆಗಳೆಲ್ಲ ಕತ್ತರಿಸಿಹೋಗಿ (ಕ್ಲಿಪ್ಪಿಂಗ್ ಅಂದರೆ ಇದೇ) ಹಾಡು ಉದ್ದಕ್ಕೂ ಒಂದೇ ಮಟ್ಟದಲ್ಲಿ ಕಿರುಚುತ್ತಿತ್ತು. ಆ ಕಿರುಚಾಟವೇ 'ಜೀವ' ಅಂತ ಎರಡೂವರೆ ವರ್ಷ ಅಭ್ಯಾಸವಾಗಿತ್ತು.

ನನಗೆ ಅತ್ಯಂತ ನೋವು ಕೊಟ್ಟ ಸಂಗತಿ ಇನ್ನೊಂದಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಅತಿಯಾದ ಕಂಪ್ರೆಷನ್‌ನಿಂದ, ಅಂದರೆ ಮೆಲುದನಿ ಆರ್ಭಟ ಎರಡನ್ನೂ ಒಂದೇ ಮಟ್ಟಕ್ಕೆ ಹಿಂಡಿದ್ದರಿಂದ, ಕೆಟ್ಟಿದೆ ಅಂತ ಜಗತ್ತೆಲ್ಲ ಗಲಾಟೆ. 'ಚೈನೀಸ್ ಡೆಮಾಕ್ರಸಿ'ಯನ್ನು ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ಹದ) ಮಾಡಿದ ಬಾಬ್ ಲಡ್ವಿಗ್ ಮೂರು ಆವೃತ್ತಿ ಮಾಡಿ ಕೊಟ್ಟಿದ್ದರು. ತಂಡದ ಗಾಯಕ ಆ್ಯಕ್ಸೆಲ್ ರೋಸ್ ಕಡೆಯವರು ಆರಿಸಿದ್ದು ಅವುಗಳಲ್ಲೇ ಅತಿ ಕಡಿಮೆ ಹಿಂಡಿದ್ದನ್ನು. ಮೆಲುದನಿ ಮೆಲುದನಿಯಾಗಿ, ಆರ್ಭಟ ಆರ್ಭಟವಾಗಿ ಉಳಿಯಲಿ ಅಂತ. ಯಾವ ಗುಣಕ್ಕಾಗಿ ಆ ಆಲ್ಬಂ ಅನ್ನು ಮೆಚ್ಚಬೇಕಿತ್ತೋ ಅದಕ್ಕೇ ನಾನು ಅದನ್ನು ಬಿಸಾಕಿದ್ದೆ.

ಡೆಮೊ ಕಿವಿಯಲ್ಲಿ ಕೂತುಬಿಟ್ಟಿತ್ತು ಅನ್ನೋದೂ ಇದೆ. 'ಕ್ಯಾಚರ್ ಇನ್ ದ ರೈ' ಡೆಮೊದಲ್ಲಿ ಕ್ವೀನ್ ತಂಡದ ಬ್ರಯಾನ್ ಮೇ ನುಡಿಸಿದ ಗಿಟಾರ್ ಇತ್ತು, ಆಲ್ಬಂನಲ್ಲಿ ಅದನ್ನು ತೆಗೆದಿದ್ದರು. ಪ್ರತಿ ಸಲ ಆ ಜಾಗ ಬಂದಾಗ ನನ್ನ ಕಿವಿ ಇಲ್ಲದ ಸೋಲೊಗೆ ಕಾಯುತ್ತಿತ್ತು. ಅಲ್ಲಿ ನಿಜವಾಗಿ ಏನು ನುಡಿಸಿದ್ದಾರೆ ಅನ್ನೋದು ಕೇಳಲೇ ಇಲ್ಲ. ಮಾಟುಂಗಾದ ರಾಮ ನಾಯಕರ ಉಡುಪಿ ಹೋಟೆಲಿನ ಮಹಡಿಯಲ್ಲಿ ಎಲೆಯೂಟಕ್ಕೆ ಸಾಲು ನಿಂತವರು ಕೆಳಗಿಳಿದು ಎರಡು ವಡಾಪಾವ್ ತಿಂದು ಬಂದರೆ ಆಮೇಲೆ ಸಾರಿನ ರುಚಿ ಹೇಳೋಕೆ ಬರೋದಿಲ್ಲ.

ಕಳೆದುಕೊಂಡದ್ದು ಏನು ಅಂದರೆ, 2012ರ ಡಿಸೆಂಬರ್. ಬೆಂಗಳೂರು, ಮುಂಬೈ, ಗುರಗಾಂವ್ ಮೂರು ಕಡೆ ಅವರು ಬಂದರು. ಮುಂಬೈಯಲ್ಲಿ ಡಿಸೆಂಬರ್ 9ಕ್ಕೆ. ಕೋಪದಲ್ಲಿ ನಾನು ಹೋಗಲಿಲ್ಲ. ಸ್ಲ್ಯಾಶ್ ಇಲ್ಲದ ತಂಡ ಅಂತ ಎಲ್ಲರೂ ಮೂಗು ಮುರಿದರು, ನಾನೂ ಮುರಿದೆ. ಆದರೆ 'ಚೈನೀಸ್ ಡೆಮಾಕ್ರಸಿ' ಶೀರ್ಷಿಕೆ ಗೀತೆಯಲ್ಲಿ ಫ್ರೆಟ್‌ಲೆಸ್ (ಮೆಟ್ಟಿಲುಗಳಿಲ್ಲದ) ಗಿಟಾರ್ ನುಡಿಸಿದ ಬಂಬಲ್‌ಫುಟ್ ಅಂದು ವೇದಿಕೆಯಲ್ಲಿದ್ದರು. ಆಲ್ಬಂನಲ್ಲಿದ್ದ ಅವರ ಗಿಟಾರನ್ನು ಈ ತಂಡದ ಜೊತೆ ನಮ್ಮೂರಲ್ಲಿ ಕೇಳುವ ಅವಕಾಶ ಅದೊಂದೇ ಇತ್ತು. ಬಂಬಲ್‌ಫುಟ್ ಈಗ ತಂಡದಲ್ಲಿಲ್ಲ.

2016ರಲ್ಲಿ ರಿದಮ್ ಹೌಸ್ ಶಾಶ್ವತವಾಗಿ ಬಾಗಿಲು ಹಾಕೋ ಮುನ್ನ ಹೋಗಿ ಅದೇ ಸಿಡಿಯನ್ನು ಇನ್ನೊಮ್ಮೆ ಕೊಂಡೆ. ಈ ಸಲ ಎರಡರ ಮಟ್ಟ ಸರಿಸಮ ಮಾಡಿ ಕೇಳಿದೆ. ಐದು ನಿಮಿಷಕ್ಕೆ ಅರ್ಥವಾಯಿತು.

ಈಗ ನಿಮ್ಮ ಪ್ರಶ್ನೆ. 'ಹೊಸ ಸಂಗೀತ ಬರ್ತಿಲ್ಲ' ಅಂತ ನೀವು ಹಿಡಿದಿರೋ ಮಾತನ್ನು ನಾನು ಒಪ್ಪೋದಿಲ್ಲ. ಬಂದಿದೆ. 2021ರ ಆಗಸ್ಟ್‌ನಲ್ಲಿ 'ಅಬ್ಸರ್ಡ್', ಸೆಪ್ಟೆಂಬರ್‌ನಲ್ಲಿ 'ಹಾರ್ಡ್ ಸ್ಕೂಲ್', 2023ರ ಆಗಸ್ಟ್‌ನಲ್ಲಿ 'ಪರ್‌ಹ್ಯಾಪ್ಸ್', ಡಿಸೆಂಬರ್‌ನಲ್ಲಿ 'ದ ಜನರಲ್', 2025ರ ಡಿಸೆಂಬರ್‌ನಲ್ಲಿ 'ನಥಿನ್' ಮತ್ತು 'ಅಟ್ಲಾಸ್'. ಆರು ಹಾಡು, ಹಳೇ ಎಲ್‌ಪಿಯ ಒಂದು ಮಗ್ಗುಲಿಗೆ ಸಾಕಾಗುವಷ್ಟು. ಆದರೆ ಇವು 'ಹೊಸವು' ಅನ್ನೋದೂ ಪೂರ್ತಿ ನಿಜವಲ್ಲ. ಎಲ್ಲದರ ಬೇರು 'ಚೈನೀಸ್ ಡೆಮಾಕ್ರಸಿ' ಕಾಲದ ಸೆಷನ್‌ಗಳಲ್ಲೇ ಇದೆ. 'ಅಬ್ಸರ್ಡ್' 2001ರಲ್ಲೇ 'ಸಿಲ್ಕ್‌ವರ್ಮ್ಸ್' ಹೆಸರಲ್ಲಿ ವೇದಿಕೆಯಲ್ಲಿ ಕೇಳಿದ ಹಾಡು. ಹಳೆಯ ಮುದ್ರಣ ತೆಗೆದುಕೊಂಡು ಸ್ಲ್ಯಾಶ್‌ನ ಗಿಟಾರ್, ಡಫ್‌ನ ಬೇಸ್ ಸೇರಿಸಿ ಹೊರಬಿಡೋದೇ ಈಗ ನಡೆದಿರೋ ಕೆಲಸ. ಆ್ಯಕ್ಸೆಲ್, ಸ್ಲ್ಯಾಶ್, ಡಫ್ ಮೂವರೂ ಒಂದು ಕೋಣೆಯಲ್ಲಿ ಕೂತು ಮೊದಲಿಂದ ಕಟ್ಟಿದ ಆಲ್ಬಂಗೆ ನೀವು ಕಾಯ್ತಿದ್ದರೆ, ಅಂಥದ್ದು ನಡೀತಿದೆ ಅನ್ನೋದಕ್ಕೆ ಈ ಆರರಲ್ಲಿ ಒಂದು ಕುರುಹೂ ಇಲ್ಲ. ಮನಸ್ಸಿನಲ್ಲಿ ಆ ಆಲ್ಬಂ ಅನ್ನು ಇವತ್ತೇ ಕೆಳಗಿಳಿಸಿ.

ಯಾಕೆ ಹೀಗೆ ಅನ್ನೋದಕ್ಕೆ ದುಡ್ಡಿನ ಲೆಕ್ಕ ಸಾಕು. 2016ರಿಂದ 2019ರವರೆಗಿನ ಒಂದೇ ಪ್ರವಾಸ 58 ಕೋಟಿ ಡಾಲರ್ ಮೀರಿ ಗಳಿಸಿತು. ಟಿಕೆಟ್ ಹಾಗೆ ಹೋಗ್ತಿರುವಾಗ ಒಂದು ವರ್ಷ ಸ್ಟುಡಿಯೊದಲ್ಲಿ ಕೂರಿ ಅಂತ ಅವರಿಗೆ ಹೇಳೋರು ಯಾರು? ಇದನ್ನು ಮೋಸ ಅಂತ ನಾನು ಕರೆಯಲಾರೆ. ಬೇರೆಯವರೂ ಕಾಯಿಸಿದ್ದಾರೆ. ಟೂಲ್ ಅನ್ನೋ ತಂಡ 2006ರಿಂದ 2019ರವರೆಗೆ, ಸ್ವಂತ ಹಾಡುಗಳ ಮಟ್ಟಿಗೆ ರೋಲಿಂಗ್ ಸ್ಟೋನ್ಸ್ 2005ರಿಂದ 2023ರವರೆಗೆ. ನಮ್ಮ ಮುಂಬೈಯದೇ ಆದ ಇಂಡಸ್ ಕ್ರೀಡ್ 1995ರ ಆಲ್ಬಂ ಆದಮೇಲೆ ಒಡೆದು, ಮತ್ತೆ ಸೇರಿ, ಮುಂದಿನದನ್ನು ಕೊಟ್ಟದ್ದು 2012ಕ್ಕೆ.

ಹಾಗಾಗಿ ಕಾಯಲಾ, ಬಿಡಲಾ ಅನ್ನೋ ಲೆಕ್ಕಾಚಾರ ಪಕ್ಕಕ್ಕಿಡಿ. ಬಂದಿರೋ ಆರು ಹಾಡನ್ನು ಸರಿಯಾಗಿ ಕೇಳಿದ್ದೀರಾ ಅಂತ ನನಗೆ ಅನುಮಾನ. ಹೀಗೆ ಮಾಡಿ.

ಫೋನಿನಲ್ಲಿ ಇಕ್ವಲೈಸರ್, ಡಾಲ್ಬಿ ಆ್ಯಟ್ಮಾಸ್ ಬಟನ್, ಬೇಸ್ ಬೂಸ್ಟ್ ಎಲ್ಲ ಆಫ್. ಸ್ಪಾಟಿಫೈ ಆದರೆ ಡೌನ್‌ಲೋಡ್ ಗುಣಮಟ್ಟವನ್ನು ಕನಿಷ್ಠ 'ವೆರಿ ಹೈ'ಗೆ ಇಡಿ, ಅದು 320 ಕೆಬಿಪಿಎಸ್. ವಾಲ್ಯೂಮ್ ನಾರ್ಮಲೈಸೇಷನ್ ಆನ್ ಇರಲಿ, ಮಟ್ಟ 'ನಾರ್ಮಲ್'. ಆಗ ಹಾಡುಗಳೆಲ್ಲ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡು ಒಟ್ಟಾರೆ ಎಷ್ಟು ಜೋರು ಅನ್ನೋದರ ಅಳತೆ) ಬಂದು ನಿಲ್ಲುತ್ತವೆ, 1991ರ ಹಾಡಿಗೂ 2025ರ ಹಾಡಿಗೂ ಹೋಲಿಕೆ ನ್ಯಾಯವಾಗಿರುತ್ತೆ. 'ಲೌಡ್' ಆರಿಸಬೇಡಿ. ತಂತಿಯ ಇಯರ್‌ಫೋನ್ ಇದ್ದರೆ ಅದನ್ನೇ ಹಾಕಿ. ಮೊದಲ ಸಲದ ಕೇಳುವಿಕೆ ಲೋಕಲ್‌ನಲ್ಲೋ ಶಿವನೇರಿ ಬಸ್ಸಿನಲ್ಲೋ ಬೇಡ. ಎಂಜಿನ್ನಿನ ಗುಡುಗು ಬೇಸನ್ನು ಪೂರ್ತಿ ನುಂಗುತ್ತೆ, ಅದನ್ನು ಮೀರೋಕೆ ನೀವು ವಾಲ್ಯೂಮ್ ಏರಿಸ್ತೀರಿ, ಅಲ್ಲಿಂದ ನನ್ನ ಕಥೆ ನಿಮಗೂ ಶುರು. ರಾತ್ರಿ, ಮನೆಯಲ್ಲಿ, ಫ್ಯಾನ್ ನಿಲ್ಲಿಸಿ. ಹತ್ತು ನಿಮಿಷದ ಸೆಕೆ ತಡೆದುಕೊಳ್ಳಬಹುದು.

ಎರಡು ಆವೃತ್ತಿ ಹೋಲಿಸಲೇಬೇಕು ಅಂತಿದ್ದರೆ, ಉದಾಹರಣೆಗೆ ಸಿಡಿಗೂ ಸ್ಟ್ರೀಮಿಂಗ್‌ಗೂ, ಫೋನಿನ ವಾಲ್ಯೂಮ್ ಗುಂಡಿಯಿಂದ ಸಮ ಮಾಡೋಕೆ ಹೋಗಬೇಡಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇರೋದು ಹದಿನೈದೇ ಮೆಟ್ಟಿಲು. ಒಂದು ಮೆಟ್ಟಿಲಿಗೆ ಒಂದು ಡಿಬಿಗಿಂತ ಹೆಚ್ಚೇ ಜಿಗಿಯುತ್ತೆ, ಬೇಕಾಗಿರೋದು ಅರ್ಧ ಡಿಬಿಯ ಹೊಂದಿಕೆ. ಕಂಪ್ಯೂಟರ್‌ನಲ್ಲಿ ಫೈಲ್‌ಗಳಿದ್ದರೆ ಆಡಾಸಿಟಿ ಅನ್ನೋ ಪ್ರೋಗ್ರಾಮಿನಲ್ಲಿ ತೆರೆದು 'ಲೌಡ್‌ನೆಸ್ ನಾರ್ಮಲೈಸೇಷನ್' ಎಫೆಕ್ಟ್‌ನಲ್ಲಿ ಎರಡಕ್ಕೂ ಮೈನಸ್ 18 ಕೊಡಿ, ಬೇರೆ ಹೆಸರಲ್ಲಿ ಉಳಿಸಿ. ಮೈನಸ್ 18 ಯಾಕೆಂದರೆ ಅಷ್ಟು ಕೆಳಗಿದ್ದರೆ ರಾಕ್ ಹಾಡಿನ ಯಾವ ಪೆಟ್ಟೂ ಮೇಲೆ ಬಡಿದು ಕತ್ತರಿಸಿಹೋಗೋದಿಲ್ಲ. ಆಮೇಲೆ ವಾಲ್ಯೂಮ್ ಮುಟ್ಟದೆ ಒಂದಾದ ಮೇಲೊಂದು ಕೇಳಿ. ಸ್ಪೀಕರ್ ಆದರೆ ತಲೆ ಇರೋ ಜಾಗದಲ್ಲಿ ಫೋನ್ ಇಟ್ಟು ಸೌಂಡ್ ಮೀಟರ್ ಆ್ಯಪ್‌ನಲ್ಲಿ ಒಂದೇ ಕೋರಸ್‌ನ 30 ಸೆಕೆಂಡಿನ ಸರಾಸರಿ ತೆಗೆಯಿರಿ. ಆ್ಯಪ್ ತೋರಿಸೋ ಅಂಕಿ ಸ್ವತಃ ತಪ್ಪಿರಬಹುದು, ಪರವಾಗಿಲ್ಲ. ನಮಗೆ ಬೇಕಿರೋದು ಎರಡರ ನಡುವಿನ ವ್ಯತ್ಯಾಸ, ಅದು ಸರಿಯಾಗಿಯೇ ಸಿಗುತ್ತೆ.

ಒಂದು ರಾತ್ರಿಗೆ ಒಂದೇ ಹಾಡು, ಎರಡು ಸಲ, ಮಧ್ಯದಲ್ಲಿ ನಿಲ್ಲಿಸದೆ. ಒಂದು ದಿನ ಬಿಟ್ಟು ಮೂರನೇ ಸಲ. ಅಲ್ಲಿಯವರೆಗೆ ಯಾರ ಅಭಿಪ್ರಾಯವನ್ನೂ ಓದಬೇಡಿ. ಕೈಗೆ ಸಿಗೋ ವಸ್ತು ಬೇಕಿದ್ದರೆ 2022ರ 'ಹಾರ್ಡ್ ಸ್ಕೂಲ್' ಇಪಿ (ಪುಟ್ಟ ಆಲ್ಬಂ) ಹುಡುಕಿ, ಅದರಲ್ಲಿ ಈ ಆರರಲ್ಲಿ ಎರಡು ಹಾಡಿವೆ, ಜೊತೆಗೆ ಎರಡು ಲೈವ್.

ಶುರು 'ಹಾರ್ಡ್ ಸ್ಕೂಲ್'ನಿಂದಲೇ ಮಾಡಿ. ಡಫ್‌ನ ಬೇಸ್‌ನಿಂದ ಹಾಡು ತೆರೆದುಕೊಳ್ಳುತ್ತೆ. ಮಟ್ಟ ಸರಿ ಇದ್ದರೆ ಆ ತಂತಿಯ ಗರಗರ ಬೇರೆಯಾಗಿ ಕೇಳಬೇಕು. ನಿಮ್ಮ ಗೆಳೆಯರ ಫೋಲ್ಡರ್‌ನಲ್ಲಿ ಇದೇ ಹಾಡು 'ಜಾಕಿ ಚಾನ್' ಅನ್ನೋ ಹೆಸರಲ್ಲಿ ಇದ್ದೀತು. ಅದನ್ನು ಮುಟ್ಟಬೇಡಿ.